ಗಿರಣಿ ಮೀಟರಿನ ಎರಡು ಬೊಟ್ಟು

ನನ್ನ ಮೊಮ್ಮಗಳ ಕೆಲಸ ಕಾಯಂ ಆಯಿತು! ಕಳೆದ ಸೋಮವಾರ ಸೊರಬದ ಕಾಲೇಜಿನಲ್ಲಿ, ಅಷ್ಟೂ ಜನರ ಎದುರಿಗೆ, ಅಲ್ಲಿನ ಕಾರ್ಯದರ್ಶಿ ತಮ್ಮ ಬಾಯಿಂದಲೇ ಹೇಳಿದರು. ಅವಳು ಆರಿಸಿ ತರಿಸಿದ ಯುಪಿಎಸ್ ಒಂದು ಗಂಟೆ ಸರ್ವರನ್ನು ಹೊತ್ತು ನಿಂತಿತು. ಅದೇ ದಿನ ಅದೇ ಕಾಲೇಜಿನಲ್ಲಿ ನನ್ನ ಕಿರಿಯ ಮಗ ಹಳೇ ಬ್ಯಾಟರಿಗಳನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಇಳಿದ. ನನಗೆ ಎರಡೂ ಸಂತೋಷದ ಸುದ್ದಿಯೇ. ಹೆತ್ತವಳು ಹೀಗೆ ಬರೆಯಬಹುದೇ ಎಂದು ಕೇಳುವವರು ಕೇಳಲಿ. ನನಗೆ ಈ ವಯಸ್ಸಿನಲ್ಲಿ ಕುಣಿಯಲು ಮೊಣಕಾಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೂರನೇ ತರಗತಿಯವರೆಗೆ ಕಲಿತವಳು. ಶಿಕಾರಿಪುರ ತಾಲೂಕಿನಲ್ಲಿ, ಅಂಜನಾಪುರದ ನೀರು ಗದ್ದೆಗೆ ಬರುವ ಒಂದು ಊರಿನಲ್ಲಿ ನಮ್ಮ ಹಿಟ್ಟಿನ ಗಿರಣಿ ಇದೆ. ಗಂಡ ತೀರಿಕೊಂಡ ಮೇಲೆ ಬಹಳ ವರ್ಷ ನಾನೇ ನಡೆಸಿದೆ, ಈಗ ಹಿರಿಯ ಮಗ ನಡೆಸುತ್ತಾನೆ. ಕಿರಿಯವನಿಗೆ ಶಿಕಾರಿಪುರ ಪೇಟೆಯಲ್ಲಿ ಬ್ಯಾಟರಿ, ಇನ್ವರ್ಟರ್ ಮಾರುವ ಅಂಗಡಿ. ಎಲ್ಲರೂ ಒಂದೇ ಮನೆಯಲ್ಲಿ ಇದ್ದೇವೆ, ಒಂದೇ ಒಲೆ. ಮೊಮ್ಮಗಳು ಹಿರಿಯವನ ಒಬ್ಬಳೇ ಮಗಳು.

ಅವಳು ಹುಟ್ಟಿದ ದಿನ ನಮ್ಮ ಗಿರಣಿಯ ಮೋಟರು ಸುಟ್ಟಿತು. ಸುಟ್ಟ ವಾಸನೆ ಬಾಣಂತಿ ಕೋಣೆಯವರೆಗೂ ಹೋಗಿತ್ತು. ಅಂಗಳದಲ್ಲಿ ನಿಂತು ನಾನೇ ಮೊದಲು ಹೇಳಿದೆ, "ಬಂದ್ಲು ನೋಡ್ರವ್ವಾ, ಮೋಟ್ರು ಸುಟ್ಟೋಳು!" ಹಿಟ್ಟು ಬೀಸಿಸಲು ಬಂದ ಹೆಂಗಸರು ನಕ್ಕರು. ಆ ಹೆಸರು ಮಗುವಿಗೆ ಅಂಟಿಕೊಂಡಿತು. ಅವಳಿಗೆ ಐದು ವರ್ಷವಿದ್ದಾಗ ಒಂದು ದಿನ ಎಟುಕಿಸಿಕೊಂಡು ಗಿರಣಿ ಹಚ್ಚುವ ಹಸಿರು ಗುಂಡಿಯ ಮೇಲೆ ಕೈ ಇಟ್ಟಳು. ನಾನು ಹರಿದ ಬೆಲ್ಟಿನ ತುಂಡು ತೆಗೆದುಕೊಂಡು ಅಂಗೈಗೆ ಬಾರಿಸಿದೆ. ಮೂರು ದಿನ ತಾಯಿಯೇ ಅವಳಿಗೆ ಉಣಿಸಬೇಕಾಯಿತು. ಆಮೇಲೆ ಅವಳು ಆ ಗುಂಡಿಯ ಹತ್ತಿರ ಹೋಗಲಿಲ್ಲ, ನಾನೂ ಬಿಡಲಿಲ್ಲ. ಇದನ್ನೆಲ್ಲ ಮುಚ್ಚಿಟ್ಟು ಸಂತೋಷವನ್ನಷ್ಟೇ ಬರೆದರೆ ಅದು ಅರ್ಧ ಸುಳ್ಳಾಗುತ್ತದೆ.

ಅಂಥ ಹುಡುಗಿ ಕಂಪ್ಯೂಟರ್ ಓದಿ, ಸೊರಬದ ಒಂದು ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದಳು. ಕೆಲಸದ ಪರೀಕ್ಷೆಗಳನ್ನು ಈಗ ಕಂಪ್ಯೂಟರಿನ ಮುಂದೆ ಕೂತು ಬರೆಯುತ್ತಾರಲ್ಲ, ಅಂಥದ್ದೊಂದು ದೊಡ್ಡ ಕೋಣೆ, ಅವರು ಹಾಲು ಅನ್ನುವುದು, ಅಲ್ಲಿ ಇದೆ. ನಲವತ್ತು ಕಂಪ್ಯೂಟರ್, ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಸರ್ವರ್. ಎಲ್ಲರ ಉತ್ತರವೂ ಅಲ್ಲಿಗೇ ಹೋಗಿ ಸೇರುತ್ತದೆ. ನನಗೆ ಅದು ಕೂಡಲೇ ತಿಳಿಯಿತು. ನಮ್ಮ ಗಿರಣಿಯಲ್ಲಿ ಖಾರದ ಪುಡಿ ಯಂತ್ರ, ಅಕ್ಕಿ ಯಂತ್ರ, ರಾಗಿ ಕಲ್ಲು ಮೂರಕ್ಕೂ ಒಂದೇ ಶಾಫ್ಟಿನಿಂದ ಬೆಲ್ಟು. ಒಂದು ಯಂತ್ರದ ಬೆಲ್ಟು ಜಾರಿದರೆ ಮತ್ತೆ ಹಾಕಬಹುದು. ಶಾಫ್ಟು ನಿಂತರೆ ಮೂರೂ ನಿಂತ ಹಾಗೆ. ಸರ್ವರ್ ಎಂದರೆ ಶಾಫ್ಟು. ಕರೆಂಟು ಹೋದಾಗ ಜನರೇಟರ್ ಹಚ್ಚುವವರೆಗೆ ಅದನ್ನು ನಿಲ್ಲಲು ಬಿಡದೆ ಕಾಯುವುದಕ್ಕೇ ಯುಪಿಎಸ್ ಎಂಬ ಪೆಟ್ಟಿಗೆ. ಆ ಪೆಟ್ಟಿಗೆಯನ್ನೂ ಅದರ ಬ್ಯಾಟರಿಗಳನ್ನೂ ಕಾಲೇಜಿಗೆ ಕೊಟ್ಟಿದ್ದು ನನ್ನ ಕಿರಿಯ ಮಗ.

ಒಂದು ಪರೀಕ್ಷೆಯ ದಿನ ಮಧ್ಯಾಹ್ನ ಸರ್ವರ್ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಮೂರನೇ ಸಲಕ್ಕೆ ನಲವತ್ತೂ ಜನ ಬರೆದದ್ದು ಹಾಳಾಯಿತು. ಸೋಜಿಗವೆಂದರೆ ಕರೆಂಟು ಹೋಗಿರಲಿಲ್ಲ. ಲೈಟು ಉರಿಯುತ್ತಿತ್ತು, ಎದುರಿಗಿದ್ದ ಕಂಪ್ಯೂಟರುಗಳೂ ಉರಿಯುತ್ತಿದ್ದವು.

ಕಾರ್ಯದರ್ಶಿ ನನ್ನ ಮಗನನ್ನು ಕರೆಸಿದರು. ಅವನು ಬಂದು ಪೆಟ್ಟಿಗೆಯನ್ನು ಒಂದು ಸಲ ತಟ್ಟಿ ನೋಡಿ ಹೇಳಿದನಂತೆ, "ಕರೆಂಟ್ ಇತ್ತಲ್ಲ ಸಾರ್? ಕರೆಂಟ್ ಇದ್ದಾಗ ಯುಪಿಎಸ್ಸಿಗೆ ಏನು ಕೆಲ್ಸ? ಇದು ಮುಟ್ಟಿದೋರ ತಪ್ಪು. ನಮ್ಮ ಮನೆ ಹುಡುಗಿನೇ, ಮುಚ್ಚಿಟ್ಟು ಏನು ಮಾಡ್ಲಿ? ಇದ್ರ ಕೈಯೇ ಹಂಗೆ. ಹುಟ್ಟಿದ ದಿನ ಮೋಟ್ರು ಸುಟ್ಟಿತ್ತು."

ಕಾರ್ಯದರ್ಶಿ ನಕ್ಕರಂತೆ. ಆಮೇಲೆ ಗೇಟಿನ ಹತ್ತಿರ ಅವಳನ್ನು ನಿಲ್ಲಿಸಿದರು. ಹೊರಗೆ ಹೋಗುವ ಒಬ್ಬೊಬ್ಬರಿಗೂ ಅವಳು "ನನ್ನ ತಪ್ಪು" ಎಂದು ಹೇಳಬೇಕು. ನಲವತ್ತು ಸಲ. ಹಸುಗೂಸನ್ನು ಹೊರಗೆ ತನ್ನ ತಾಯಿಯ ಕೈಗೆ ಕೊಟ್ಟು ಪರೀಕ್ಷೆಗೆ ಕೂತಿದ್ದ ಒಬ್ಬ ಹೆಂಗಸು ಅವಳ ಕಾಲ ಹತ್ತಿರ ಉಗುಳಿ ಹೋದಳು. ಇವಳು ಅದಕ್ಕೂ "ನನ್ನ ತಪ್ಪು" ಎಂದಳು.

ಸಂಜೆ ಮನೆಗೆ ಬಂದು ಇದನ್ನೆಲ್ಲ ಹೇಳಿದಳು. ನಾನು ಏನು ಮಾಡಿದೆ? ಒಲೆಯ ಮುಂದೆ ಕೂತಲ್ಲಿಂದಲೇ ಅಂದೆ, "ನೀನು ಮುಟ್ಟಿದ್ದು ಎಲ್ಲಿ ಉಳಿದೈತಿ? ಗಿರಣಿ ಉಳಿಸ್ಕಂಡಿದ್ದೇ ನಿನ್ನ ದೂರ ಇಟ್ಟು." ಅವಳ ತಾಯಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, "ಅತ್ತಿ, ಇವತ್ತೊಂದು ದಿನ ಸುಮ್ನಿರ್ರಿ" ಎಂದಳು. ಕಿರಿಯವನು ತಾಟಿನಿಂದ ತಲೆ ಎತ್ತದೆ ನಕ್ಕ.

ಮಾರನೇ ದಿನ ಕಾರ್ಯದರ್ಶಿ ಅವಳಿಗೆ ಒಂದು ಷರತ್ತು ಹಾಕಿದರು. ಹೊಸ ಯುಪಿಎಸ್ ಅವಳೇ ಆರಿಸಬೇಕು, ಅವಳೇ ಸಹಿ ಮಾಡಬೇಕು. ಅದು ಬಂದ ದಿನ ಎಲ್ಲರ ಮುಂದೆ ಪರೀಕ್ಷೆ ಮಾಡುವುದು. ಸರ್ವರ್ ಆರದೆ ಉಳಿದರೆ ಕೆಲಸ ಕಾಯಂ. ಸರ್ವರ್ ಒಂದು ಸಲ ಆರಿದರೂ ಅವತ್ತೇ ಕೊನೆ. "ಬೇರೆ ಕಡೆ ಕೆಲಸ ಕೇಳಿದ್ರೆ ನನ್ನ ಹೆಸರು ಹೇಳ್ಬೇಡ, ಕೇಳಿದೋರಿಗೆ ನಾನು ಇದ್ದದ್ದು ಇದ್ದ ಹಾಗೆ ಹೇಳೋನು" ಎಂದೂ ಸೇರಿಸಿದರು.

ಕಿರಿಯವನು ಅಂದೇ ಅವಳನ್ನು ಹಿಡಿದುಕೊಂಡ. "ದೊಡ್ಡದು ಹಾಕ್ಸು. ಈಗಿರೋದ್ರ ಐದು ಪಟ್ಟು. ನನ್ನ ಅಂಗಡಿಗೇ ಬರ್ಕೊಡು, ನಿನ್ನ ಕೆಲ್ಸ ಉಳಿತೈತಿ."

"ದೊಡ್ಡದಾದ್ರೆ ಸರ್ವರ್ ಹೆಂಗೆ ಉಳಿತೈತಿ ಚಿಕ್ಕಪ್ಪ? ಕರೆಂಟೇ ಹೋಗಿರ್ಲಿಲ್ಲ ಅಂದ್ರಲ್ಲ ನೀವು?"

"ಬಾಯಿ ಜೋರಾತು ಮೋಟ್ರು ಸುಟ್ಟೋಳದು" ಎಂದು ಅವನು ಎದ್ದು ಹೋದ.

ಆ ವಾರ ನಾನು ಚಂದ್ರಗುತ್ತಿಯ ಅಮ್ಮನ ಗುಡಿಗೆ ಹೋಗಿದ್ದೆ. ಅಮ್ಮನಿಗೆ ಉಡಿ ತುಂಬಿ, ಈ ಹುಡುಗಿಗೆ ಅಂಟಿದ್ದನ್ನು ಬಿಡಿಸು ತಾಯಿ ಎಂದು ಕೈ ಮುಗಿದೆ. ನಾನೇ ಅಂಟಿಸಿದ್ದನ್ನು ದೇವರು ಬಿಡಿಸಬೇಕು ಎಂದು ಬೇಡಲು ನನಗೆ ನಾಚಿಕೆಯಾಗಲಿಲ್ಲ. ವಾಪಸು ಬರುವಾಗ ಸೊರಬದಲ್ಲಿ ಇಳಿದು, ಅವಳ ಜೊತೆಗೇ ಮನೆಗೆ ಹೋಗೋಣವೆಂದು ಕಾಲೇಜಿಗೆ ಹೋದೆ. ಊರ ಹೊರಗೆ ಗದ್ದೆಗಳ ನಡುವೆ ಆ ಕಟ್ಟಡ. ಸರ್ವರ್ ಕೋಣೆಯ ಬಾಗಿಲಲ್ಲಿ ಒಂದು ಕುರ್ಚಿ ಹಾಕಿಕೊಟ್ಟಳು. ಬಿಸಿಲಿಗೆ ನನಗೆ ತೂಕಡಿಕೆ.

ತಲೆಯ ಮೇಲಿನ ಫ್ಯಾನಿನ ಸದ್ದು ಬದಲಾಯಿತು. ಗಾಳಿ ಕಡಿಮೆಯಾಯಿತು. ಯುಪಿಎಸ್ ಪೆಟ್ಟಿಗೆ ಟಿಕ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಿಕ್, ಟಿಕ್. ಲೈಟು ಮಾತ್ರ ಹಾಗೇ ಉರಿಯುತ್ತಿತ್ತು.

ನಾನು ಕಣ್ಣು ಬಿಡದೆಯೇ ಅಂದೆ, "ಗದ್ದಿಗೆ ತ್ರೀ ಫೇಸ್ ಬಿಟ್ರು."

"ಏನಂದಿ ಅಜ್ಜಿ?"

"ಪಂಪ್‌ಸೆಟ್ ಎಲ್ಲ ಒಂದೇ ಸಲಕ್ಕೆ ಹಚ್ಯಾರೆ. ಲೈನು ಕೆಳಗೆ ಬಿದ್ದೈತಿ. ಫ್ಯಾನು ಏದುಸಿರು ಬಿಡ್ತೈತಿ, ಕೇಳು. ಈಗ ಗಿರಣಿ ಹಚ್ಚಿದ್ರೆ ಮೋಟ್ರು ಸುಡ್ತೈತಿ."

ಅವಳು ಫ್ಯಾನನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಅಜ್ಜಿ, ಹಂಗಾರೆ ಕರೆಂಟ್ ಹೋಗಿಲ್ಲ, ಸೊರಗೈತಿ. ಇದು ಕರೆಂಟ್ ಹೋತು ಅಂತ ತಿಳ್ಕಂಡು ಬ್ಯಾಟರಿಗೆ ಬಾಯಿ ಹಾಕ್ತೈತಿ. ದಿನಾ ಮಧ್ಯಾಹ್ನ ಬ್ಯಾಟರಿ ಖಾಲಿ. ಖಾಲಿ ಆದ್ಮೇಲೆ ಸರ್ವರ್ ಕೆಡವ್ತೈತಿ, ಲೈಟ್ ಉರಿತಿದ್ದಂಗೇ!" ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಆದರೆ ಒಬ್ಬ ಮುದುಕಿಯ ಕಿವಿಯನ್ನು ನಂಬುವವರು ಯಾರು? ತೋರಿಸಲು ಏನಾದರೂ ಬೇಕಿತ್ತು. ನಮ್ಮ ಗಿರಣಿಯ ಸ್ವಿಚ್ಚಿನ ಹಲಗೆಯ ಮೇಲೆ ಕರೆಂಟಿನ ಬಲ ತೋರಿಸುವ ಒಂದು ಹಳೇ ಮೀಟರು ಇತ್ತು. ದುಂಡು ಗಾಜು, ಒಳಗೆ ಒಂದು ಮುಳ್ಳು. ಗಾಜಿನ ಮೇಲೆ ಎತ್ತಿನ ಕೊಂಬಿಗೆ ಬಳಿಯುವ ಕೆಂಪು ಬಣ್ಣದಲ್ಲಿ ನಾನೇ ಇಟ್ಟ ಒಂದು ಬೊಟ್ಟು. ಮುಳ್ಳು ಬೊಟ್ಟಿನಿಂದ ಕೆಳಗಿದ್ದರೆ ಗಿರಣಿ ಹಚ್ಚುವುದಿಲ್ಲ. ಯಾರು ಎಷ್ಟೇ ಬೈಯಲಿ, ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಸುಮ್ಮನೆ ಕೂರುವುದು. ನಾನು ಆ ಮೀಟರನ್ನು ಬಿಚ್ಚಿಸಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಮಾರನೇ ದಿನ ಅವಳ ಜೊತೆ ಬಸ್ ಹತ್ತಿದೆ. ಕಂಡಕ್ಟರ್ ಮಡಿಲು ನೋಡಿ ಕೇಳಿದ, "ಅಜ್ಜಿ, ಕೂಸಿಗೆ ಟಿಕೆಟ್ ಬ್ಯಾಡೇನ್ರೀ?"

ಶಿರಾಳಕೊಪ್ಪ ದಾಟಿದ ಮೇಲೆ ಅವಳು ಬಟ್ಟೆ ಸರಿಸಿ ಗಾಜನ್ನು ಒರೆಸುತ್ತಾ ಕೇಳಿದಳು, "ಈ ಬೊಟ್ಟು ಯಾವಾಗ ಇಟ್ಟಿದ್ದು ಅಜ್ಜಿ?"

ನನಗೆ ಸುಳ್ಳು ಬಾಯಿಗೆ ಬರಲಿಲ್ಲ. "ನೀನು ಹುಟ್ಟಿದ ಮಾರನೇ ದಿನ."

ಅವಳು ಒರೆಸುವುದನ್ನು ನಿಲ್ಲಿಸಿದಳು. ಅಷ್ಟಕ್ಕೇ ಅವಳಿಗೆ ಎಲ್ಲ ತಿಳಿದಿತ್ತು. ಅವಳು ಹುಟ್ಟಿದ ದಿನ ಒಂದು ಮದುವೆ ಮನೆಯ ಗೋಧಿ ಬಂದು ಕೂತಿತ್ತು, ಮುಳ್ಳು ನೆಲ ಹಿಡಿದಿತ್ತು. ಗೊತ್ತಿದ್ದೂ ನಾನೇ ಗುಂಡಿ ಒತ್ತಿದ್ದೆ. ಸುಟ್ಟ ಮೇಲೆ ಹಿರಿಯ ಮಗನಿಗೆ, ಊರಿಗೆ ಏನು ಹೇಳುವುದು? ಕೂಸಿಗೆ ಎದುರು ಮಾತಾಡಲು ಬಾಯಿ ಇರಲಿಲ್ಲ. ಇಪ್ಪತ್ತೆರಡು ವರ್ಷ ಅದು ನನಗೆ ಅನುಕೂಲವಾಯಿತು. ಸೊರಬ ಬರುವವರೆಗೂ ಅವಳು ಕಿಟಕಿಯ ಕಡೆಗೆ ತಿರುಗಿ ಕೂತಿದ್ದಳು. ಮೀಟರು ಮಾತ್ರ ಅವಳ ಮಡಿಲಲ್ಲೇ ಇತ್ತು.

ಕಾಲೇಜಿನಲ್ಲಿ ಅದನ್ನು ಗೋಡೆಗೆ ಹಾಕಿ ತಂತಿ ಕೊಟ್ಟಳು. ಮುಳ್ಳು ಎದ್ದು ಬೊಟ್ಟಿನ ಹತ್ತಿರಕ್ಕೂ ಬರದೆ ಅರ್ಧದಲ್ಲೇ ನಿಂತಿತು. ನಾನು ಗಾಬರಿಯಾಗಿ, "ಅಯ್ಯೋ, ಇಲ್ಲಿ ಕರೆಂಟೇ ಇಲ್ವಲ್ಲೇ! ಇದ್ರಾಗೆ ಏನು ನಿಲ್ತೈತಿ?" ಎಂದು ಕೂಗಿದೆ. ಕಾರ್ಯದರ್ಶಿ ಬಾಗಿಲಲ್ಲೇ ನಿಂತಿದ್ದರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಬನ್ರಪ್ಪಾ, ಇಲ್ಲಿ ನೋಡಿ! ನಮ್ಮ ಇಂಜಿನಿಯರಮ್ಮನಿಗೆ ಇವರೇ ಗುರುಗಳು!" ಆಫೀಸಿನವರೆಲ್ಲ ಬಂದು ನೋಡಿ ನಕ್ಕು ಹೋದರು.

ಅವರು ಹೋದ ಮೇಲೆ ಅವಳು ಹೇಳಿದಳು, "ಅಜ್ಜಿ, ಗಿರಣಿದು ಮೂರು ತಂತಿ ಕರೆಂಟು. ಇಲ್ಲಿ ಒಂದರದ್ದು. ಮುಳ್ಳು ಅರ್ಧದಾಗೆ ನಿಲ್ಲೋದೇ ಸರಿ." ಚೀಲದಿಂದ ಉಗುರಿಗೆ ಹಚ್ಚುವ ಬಣ್ಣ ತೆಗೆದು, ಲೆಕ್ಕ ಹಾಕಿ, ಗಾಜಿನ ಮೇಲೆ ಕೆಳಗಡೆ ಇನ್ನೊಂದು ಬೊಟ್ಟು ಇಟ್ಟಳು. ಅದು ತಿಳಿ ನೇರಳೆ. ನನ್ನದು ಇಷ್ಟು ದಪ್ಪ ಹಪ್ಪಳದ ಹಾಗೆ, ಅವಳದು ಸಾಸಿವೆಯಷ್ಟು.

ಎಂಟು ದಿನ ಅವಳು ಗೋಡೆಗೆ ಗೆರೆ ಎಳೆದಳು. ದಿನವೂ ಮಧ್ಯಾಹ್ನ ಗದ್ದೆಗೆ ತ್ರೀ ಫೇಸ್ ಬಿಟ್ಟ ಕೂಡಲೇ ಮುಳ್ಳು ಅವಳ ಬೊಟ್ಟಿಗಿಂತ ಕೆಳಗೆ ಇಳಿಯುತ್ತಿತ್ತು. ಅದರ ಜೊತೆಗೇ ಪೆಟ್ಟಿಗೆ ಟಿಕ್ ಟಿಕ್.

ಇನ್ನು ಆರಿಸುವುದು. ಅಂಗಡಿಗಳಿಗೆಲ್ಲ ಫೋನು ಮಾಡಿ ಅವಳು ಒಂದೇ ಮಾತು ಕೇಳುತ್ತಿದ್ದಳು. "ವೋಲ್ಟೇಜ್ ಎಷ್ಟು ಕೆಳಗೆ ಇಳಿದ್ರೂ ಬ್ಯಾಟರಿ ಮುಟ್ಟದೆ ನಡೆಯುತ್ತೆ ಸಾರ್?" ಒಬ್ಬೊಬ್ಬರೂ ಎಷ್ಟು ನಿಮಿಷ ಬರುತ್ತದೆ, ಎಷ್ಟು ದೊಡ್ಡದು ಎಂಬುದನ್ನೇ ಹೇಳುತ್ತಿದ್ದರು. ಒಬ್ಬ, "ಮನೇಲಿ ಗಂಡಸರು ಇದ್ರೆ ಫೋನ್ ಕೊಡಿ" ಎಂದ. ಕೊನೆಗೆ ಶಿವಮೊಗ್ಗದವನೊಬ್ಬ ಮಾತ್ರ ಕೇಳಿದ್ದಕ್ಕೆ ಉತ್ತರ ಕೊಟ್ಟ. ಅದು ಆನ್‌ಲೈನ್ ಯುಪಿಎಸ್ ಎಂಬ ಬೇರೆ ಜಾತಿ. ಲೈನಿನ ಕರೆಂಟನ್ನು ಸರ್ವರಿಗೆ ನೇರವಾಗಿ ಉಣಿಸುವುದೇ ಇಲ್ಲ. ಬಂದದ್ದನ್ನು ತಾನು ತೆಗೆದುಕೊಂಡು, ಹೊಸದಾಗಿ ಹದ ಮಾಡಿ, ಸದಾ ಒಂದೇ ಸಮ ಕೊಡುತ್ತದೆ. ಲೈನು ಅರ್ಧಕ್ಕೆ ಇಳಿದರೂ ಬ್ಯಾಟರಿ ಮುಟ್ಟುವುದಿಲ್ಲ. ಕರೆಂಟು ಪೂರ್ತಿ ಹೋದಾಗ ಮಾತ್ರ ಬ್ಯಾಟರಿ. ಗಾತ್ರ ಎಷ್ಟು ಬೇಕು? ಸರ್ವರ್, ಅದರ ಪರದೆ, ಹಾಲಿನ ತಂತಿಗಳೆಲ್ಲ ಬಂದು ಸೇರುವ ಡಬ್ಬಿ, ಈ ಮೂರರ ಭಾರಕ್ಕೆ ಸ್ವಲ್ಪ ಮೇಲೆ. ಐದು ಪಟ್ಟು ಬೇಡವೇ ಬೇಡ.

"ಪ್ರಿಂಟರ್?" ಎಂದು ನಾನು ಕೇಳಿದೆ. ಅಲ್ಲಿ ಒಂದು ದೊಡ್ಡ ಪ್ರಿಂಟರ್ ಇತ್ತು, ಅದು ಶುರುವಾದಾಗಲೆಲ್ಲ ಲೈಟು ಕಣ್ಣು ಮಿಟುಕಿಸುವುದನ್ನು ನೋಡಿದ್ದೆ.

"ಅದನ್ನ ಹಾಕಿದ್ರೆ ಕೆಡವ್ತೈತಿ."

"ಹಾಕೋರು ಹಾಕೇ ಹಾಕ್ತಾರೆ. ಗಿರಣಿ ಹಲಗಿಂದ ಮದುವಿ ಚಪ್ಪರಕ್ಕೆ ತಂತಿ ಎಳ್ದೋರನ್ನ ನಾನು ಕಂಡೀನಿ. ತೂತೇ ಇರಬಾರ್ದು."

ಕುಡುಗೋಲಿನ ಹಿಡಿ ಕೂರಿಸಲು ಮನೆಯಲ್ಲಿ ಅರಗು ಇಟ್ಟಿದ್ದೆ. ಹೊಸ ಯುಪಿಎಸ್ ಬಂದು ಕೂತಾಗ, ಇನ್ನೂ ಕರೆಂಟು ಕೊಡುವ ಮೊದಲೇ, ಅವಳಿಗೆ ಬೇಕಾದ ಮೂರು ಜಾಗ ಬಿಟ್ಟು ಉಳಿದ ಪ್ಲಗ್ಗಿನ ತೂತುಗಳಿಗೆಲ್ಲ ಅರಗು ಕಾಯಿಸಿ ತುಂಬಿದೆವು. ತಣಿದು ಕಲ್ಲಾಯಿತು.

ಸೋಮವಾರ ಬಂತು. ನಾನೂ ಹೋದೆ. ಹಾಲಿನಲ್ಲಿ ಕಾಲೇಜಿನ ಮಕ್ಕಳನ್ನೇ ಕೂರಿಸಿ ಸುಳ್ಳು ಪರೀಕ್ಷೆ ಇಟ್ಟಿದ್ದರು. ಹಳೇ ಪೆಟ್ಟಿಗೆಯನ್ನು ನೋಡಿಕೊಳ್ಳುವವನು ಎಂದು ನನ್ನ ಕಿರಿಯ ಮಗನನ್ನೂ ಕರೆಸಿದ್ದರು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ.

ಕಾರ್ಯದರ್ಶಿ ಅವಳಿಗೆ ಹೇಳಿದರು, "ನೀನು ಒಳಗೆ ಇರೋದು ಬೇಡಮ್ಮ. ಕೈ ಗುಣ ಅಂತಾರಲ್ಲ ನಿಮ್ಮ ಮನೆಯವ್ರೇ. ಹೊರಗೆ ವರಾಂಡದಲ್ಲಿ ನಿಂತ್ಕೊ. ಕಿಟಕಿ ಸರಳು ಹಿಡ್ಕೊ. ಎರಡೂ ಕೈ ನಮಗೆ ಕಾಣ್ತಿರ್ಬೇಕು."

ಅವಳು ಹೋಗಿ ಹಿಡಿದುಕೊಂಡಳು. ಒಂದು ಗಂಟೆ. ಒಳಗಿನಿಂದ ನನಗೆ ಅವಳ ಹತ್ತು ಬೆರಳು ಕಾಣುತ್ತಿದ್ದವು, ಅವುಗಳ ಹಿಂದೆ ಮುಖ. ಯಾರೋ ಮಕ್ಕಳು ಫೋನಿನಲ್ಲಿ ಅದರ ಫೋಟೋ ತೆಗೆದರು. ನಾನು ಬೆಲ್ಟಿನ ತುಂಡಿನಲ್ಲಿ ಹೊಡೆದದ್ದೂ ಅದೇ ಕೈಗೆ. ನೋಡಲಾರದೆ ಬೇರೆ ಕಡೆ ತಿರುಗಿದರೆ ಅವಳೇ, "ಅಜ್ಜಿ, ಮುಳ್ಳು ನೋಡ್ತಿರು" ಎಂದಳು.

ಕಾರ್ಯದರ್ಶಿ ಮೇನ್ ಸ್ವಿಚ್ ಎಳೆಸಿದರು. ಹಾಲಿನ ದೀಪಗಳೆಲ್ಲ ಆರಿದವು, ಫ್ಯಾನುಗಳು ಸೋತು ನಿಂತವು. ಸರ್ವರಿನ ಹಸಿರು ದೀಪ ಹಾಗೇ ಇತ್ತು. ಹತ್ತು ನಿಮಿಷ. ಅರ್ಧ ಗಂಟೆ. ಗಂಟೆ ತುಂಬಿದ ಮೇಲೆ ಸ್ವಿಚ್ ಹಾಕಿಸಿದರು. ಆ ಹೊತ್ತಿಗೆ ಸರಿಯಾಗಿ ಗದ್ದೆಗೆ ತ್ರೀ ಫೇಸ್ ಬಿಟ್ಟರು. ಮುಳ್ಳು ಇಳಿಯಿತು, ನೇರಳೆ ಬೊಟ್ಟು ದಾಟಿ ಕೆಳಗೆ ಹೋಯಿತು. ಹೊಸ ಪೆಟ್ಟಿಗೆ ಟಿಕ್ ಎನ್ನಲಿಲ್ಲ.

ನನ್ನ ಮಗ ಆಗ ಮುಂದೆ ಬಂದ. "ಸಾರ್, ಇಷ್ಟು ಸಣ್ಣ ಭಾರಕ್ಕೆ ಯಾವುದಾದ್ರೂ ನಿಲ್ತೈತಿ. ಪ್ರಿಂಟರ್ ಹಾಕಿ ನೋಡಣ" ಎಂದು ದೊಡ್ಡ ಪ್ರಿಂಟರಿನ ವೈರು ಎಳೆದುಕೊಂಡು ಹೋಗಿ ಯುಪಿಎಸ್ಸಿನ ಹಿಂದೆ ಬಗ್ಗಿದ. ಒಂದು ತೂತು ನೋಡಿದ. ಇನ್ನೊಂದು ನೋಡಿದ. ಬೆರಳಿನಿಂದ ಕೆರೆದ. ಉಗುರು ಮುರಿಯಿತು. "ಏನಿದು, ಇದರೊಳಗೆ ಏನು ತುಂಬ್ಯಾರೆ?"

"ಅರಗು ಕಣೋ" ಎಂದೆ ನಾನು. "ಕುಡುಗೋಲಿಗೆ ತಂದಿದ್ದು."

ಹಾಲಿನ ಮಕ್ಕಳೆಲ್ಲ ಹೋ ಎಂದು ನಕ್ಕರು. ಕಾರ್ಯದರ್ಶಿಗೂ ನಗು ತಡೆಯಲಾಗಲಿಲ್ಲ. ಆಗ ಕಿಟಕಿಯಿಂದ ಅವಳು, ಸರಳು ಬಿಡದೆ, ಮೆಲ್ಲಗೆ ಹೇಳಿದಳು, "ಸಾರ್, ಆ ಮೂಲೇಲಿರೋ ಹಳೇ ಬ್ಯಾಟರಿ ಮೇಲಿನ ಚೀಟಿ ಕಿತ್ತು ನೋಡಿ."

ಕಿತ್ತರು. ಕೆಳಗೆ ಇನ್ನೊಂದು ಚೀಟಿ ಇತ್ತು, ಮಾಸಿದ್ದು, ಹಳೇ ತಾರೀಕಿನದ್ದು. ಯಾವುದೋ ಬೇರೆ ಕಚೇರಿಯಲ್ಲಿ ಆಯುಸ್ಸು ಮುಗಿಸಿ ಬಂದ ಬ್ಯಾಟರಿಗಳು. ನಾಲ್ಕೂ ಹಾಗೇ. ನನ್ನ ಮಗನ ಮುಖ ಹಿಟ್ಟು ಹಾರಿದ ಹಾಗೆ ಬೆಳ್ಳಗಾಯಿತು. ಚೀಟಿಯ ಮೂಲೆ ಎದ್ದಿದ್ದನ್ನು ಕಂಡು ಅವಳಿಗೆ ಇದು ಎಂಟು ದಿನದ ಹಿಂದೆಯೇ ಗೊತ್ತಾಗಿತ್ತಂತೆ. ಎಂಟು ದಿನವೂ ಅವನ ಎದುರಿಗೆ ಕೂತು ಉಂಡಿದ್ದಳು. ನನಗೂ ಒಂದು ಮಾತು ಹೇಳಿರಲಿಲ್ಲ. ಆ ಹೊತ್ತಿಗೆ ನನಗೆ ಅವಳನ್ನು ಕಂಡು ಸ್ವಲ್ಪ ಹೆದರಿಕೆಯಾಯಿತು, ಹೆಮ್ಮೆಯೂ ಆಯಿತು.

ಕಾರ್ಯದರ್ಶಿ ಅವಳ ಕ್ಷಮೆ ಕೇಳಲಿಲ್ಲ. "ನಾಳೆಯಿಂದ ಕಾಯಂ. ಆರ್ಡರ್ ಬರೆಸ್ತೀನಿ. ಕೈ ಬಿಡು ಇನ್ನು" ಎಂದರು, ಅಷ್ಟೇ. ಆಮೇಲೆ ನನ್ನ ಮಗನ ಕಡೆ ತಿರುಗಿದರು. ಅವರಿಗೆ ಯಾರನ್ನಾದರೂ ನಿಲ್ಲಿಸಿ ಆಡಿಸದಿದ್ದರೆ ಆ ದಿನ ಮುಗಿಯುವುದಿಲ್ಲವೆಂದು ಕಾಣುತ್ತದೆ. "ಈ ಬ್ಯಾಟರಿಗಳ್ನ ಕೆಳಗೆ ಒಯ್ಯಿರಿ. ಕೂಲಿಯವ್ರನ್ನ ಯಾರೂ ಕರೀಬೇಡಿ. ತಂದೋರೇ ಹೊರಲಿ."

ನಾಲ್ಕು ಬ್ಯಾಟರಿ, ಎರಡು ಅಂತಸ್ತು, ನಾಲ್ಕು ಸಲ. ಮೆಟ್ಟಿಲ ಎರಡೂ ಕಡೆ ಮಕ್ಕಳು. ಬಿಳಿ ಅಂಗಿಯ ಹೆಗಲಿಗೆ ಆಸಿಡ್ಡು ತಾಗಿ ಹಳದಿ ಕಲೆಯಾಯಿತು. ನಾನು ಮೆಟ್ಟಿಲ ತುದಿಯಲ್ಲಿ ನಿಂತು ನಕ್ಕೆ. ಒಂಬತ್ತು ತಿಂಗಳು ಹೊತ್ತವಳು ನಾನು, ಅವನು ಹೊರುವುದನ್ನು ನೋಡಿ ನಕ್ಕೆ. ಮೂರನೇ ಸಲ ಹತ್ತಿ ಬಂದವನು ನನ್ನ ಮುಂದೆ ನಿಂತ. ಉಸಿರು ಮೇಲಕ್ಕೆ ಬಂದಿತ್ತು.

"ನಗಬ್ಯಾಡ ಅವ್ವ."

"ಇನ್ನೊಂದು ಐತಿ" ಎಂದೆ. "ಹೊತ್ಕಂಡು ಹೋಗು."

ಸಂಜೆ ಮನೆಯಲ್ಲಿ ಹೋಳಿಗೆ. ಹಿರಿಯ ಸೊಸೆ ಹೂರಣ ರುಬ್ಬುತ್ತಾ ಅಳುವುದೂ ನಗುವುದೂ ಒಟ್ಟಿಗೇ ಮಾಡುತ್ತಿದ್ದಳು. ಹೋಳಿಗೆಯ ಜೊತೆ ಅಕ್ಕಿ ರೊಟ್ಟಿಯೂ ಆಗಲಿ ಎಂದರೆ ಹಿಟ್ಟು ಮುಗಿದಿತ್ತು. ಹಿರಿಯ ಮಗ ಅಷ್ಟರಲ್ಲಿ ಮೀಟರನ್ನು ತಿರುಗಿ ಗಿರಣಿಯ ಹಲಗೆಗೆ ಹಾಕಿದ್ದ. ನಾನು ಅಕ್ಕಿಯ ಡಬ್ಬಿ ಎತ್ತಿಕೊಂಡು ಅವಳನ್ನು ಕರೆದೆ. "ಬಾ. ಇವತ್ತು ನೀನೇ ಹಚ್ಚು."

ಅವಳು ಬಂದಳು. ಹಸಿರು ಗುಂಡಿಯನ್ನು ನೋಡಿದಳು. ಕೈ ಎತ್ತಲಿಲ್ಲ. ಮೀಟರಿನ ಕಡೆ ತಿರುಗಿ, "ಮುಳ್ಳು ಕೆಂಪು ಬೊಟ್ಟಿನ ಕೆಳಗೈತಿ ಅಜ್ಜಿ. ಈಗ ಹಚ್ಚಂಗಿಲ್ಲ" ಎಂದಳು.

"ಚೂರು ಕೆಳಗಷ್ಟೇ. ನಡಿತೈತಿ."

"ನಡಿತೈತಿ ಅಂತ ಹಚ್ಚಿದ್ರೆ ಏನಾಗ್ತೈತಿ ಅಂತ ನಿನಗೆ ಗೊತ್ತಲ್ಲ?"

ಹಿರಿಯ ಮಗ ನಮ್ಮಿಬ್ಬರನ್ನೂ ನೋಡಿದ. ಅವನಿಗೆ ತಿಳಿಯಲಿಲ್ಲ, ಅಥವಾ ತಿಳಿದರೂ ಹೇಳಲಿಲ್ಲ. ನನಗೆ ಕೈ ಸೋಲುತ್ತಿತ್ತು. "ಹಂಗಾರೆ ಡಬ್ಬಿ ಕೆಳಗಿಡಲೇನೇ?"

"ಬ್ಯಾಡ. ಹಿಡ್ಕಂಡಿರು. ಈಗ ಬರ್ತೈತಿ."

ಹಿಡಿದುಕೊಂಡು ನಿಂತೆ. ಎಷ್ಟು ಹೊತ್ತೋ. ಅವಳು ಗೋಡೆಗೆ ಒರಗಿ, ಕೈ ಕಟ್ಟಿಕೊಂಡು, ಒಂದು ಸಲ ಮುಳ್ಳನ್ನೂ ಒಂದು ಸಲ ನನ್ನ ತೋಳನ್ನೂ ನೋಡುತ್ತಿದ್ದಳು. ತೋಳು ನಡುಗಲು ಶುರುವಾದ ಮೇಲೂ ಇಡು ಎನ್ನಲಿಲ್ಲ. ನಾನೂ ಇಡಲಿಲ್ಲ. ಕೊನೆಗೆ ಮುಳ್ಳು ಎದ್ದು ಬೊಟ್ಟು ದಾಟಿತು. ಅವಳು ಬಂದು ಗುಂಡಿ ಒತ್ತಿದಳು. ಮೋಟರು ಗುಂಯ್ ಎಂದು ಎದ್ದಿತು. ಬೆಲ್ಟು ಓಟಕ್ಕೆ ಬಂದ ಮೇಲೆಯೇ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಅಕ್ಕಿ ಸುರಿದಳು. ನನಗೆ ಆ ಸದ್ದಿನಲ್ಲಿ ಜೋರಾಗಿ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಹಿಟ್ಟು ಹಾರಿದ್ದಕ್ಕೆ ಎಂದುಕೊಳ್ಳಲಿ ಎಂದು ಒರೆಸಲಿಲ್ಲ.

ಅವತ್ತು ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ಹೆಂಗಸರು ಆಮೇಲೆ ಎಂಬುದಿಲ್ಲ ಎಂದು ನಾನೇ ಹೇಳಿದೆ. ಹಿರಿಯ ಮಗ, ಇಬ್ಬರು ಸೊಸೆಯರು, ನಾನು, ನನ್ನ ಪಕ್ಕಕ್ಕೆ ಅವಳು. ಕಿರಿಯವನು ಅಂಗಿ ಬದಲಿಸಿ ಬಂದು ಕೊನೆಯಲ್ಲಿ ಕೂತ. ಅವನ ತಾಟಿಗೂ ಹೋಳಿಗೆ ಬಿತ್ತು, ತುಪ್ಪ ಬಿತ್ತು, ರೊಟ್ಟಿ ಬಿತ್ತು.

"ಚಿಕ್ಕಪ್ಪ, ರೊಟ್ಟಿ ಹೆಂಗಾಗೈತಿ?" ಎಂದಳು ಅವಳು.

"ಚಲೋ ಆಗೈತಿ."

"ಹಿಟ್ಟು ಬೀಸಿದ್ದು ನಾನು. ಈ ಕೈಯಾಗೆ."

ಅವನು ಬೇಗ ಬೇಗ ಉಂಡು ಮುಗಿಸಿದ. ಆದರೆ ನಮ್ಮ ಮನೆಯಲ್ಲಿ ಸಾಲಿನಲ್ಲಿ ಕೂತವರೆಲ್ಲರ ಊಟ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಅವನು ಎಂಜಲು ಕೈ ಒಣಗಿಸಿಕೊಂಡು ಕೂತ. ಅವಳು ಹೋಳಿಗೆಯನ್ನು ಉಗುರಿನಷ್ಟು ಉಗುರಿನಷ್ಟು ಮುರಿದು, ಹಾಲಿನಲ್ಲಿ ಅದ್ದಿ, ಅವನ ಕಡೆಗೆ ನೋಡದೆ ಉಣ್ಣುತ್ತಿದ್ದಳು. ಅದು ಮುಗಿಯುವ ಹಾಗೆ ಕಂಡಾಗ ನಾನು ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಕೂತಿದ್ದ ಹಿರಿಯ ಸೊಸೆಗೆ ಹೇಳಿ, ಮೊಮ್ಮಗಳ ತಾಟಿಗೊಂದು, ನನ್ನ ತಾಟಿಗೊಂದು ಹೋಳಿಗೆ ಹಾಕಿಸಿದೆ.